ಉಪ್ಪು ಕಡಿಮೆ ಇರುವ ಬ್ರೇಕ್‌ಫಾಸ್ಟ್ ಸಾಸೇಜ್: ಮನೆಯಲ್ಲೇ ಮಾಡಿ ಫ್ರೀಜರ್‌ನಲ್ಲಿ ಇಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿರುವ ನಮ್ಮವರ ಎಷ್ಟೋ ಮನೆಗಳಲ್ಲಿ ಈಗ ಇದೇ ಕಥೆ. ಮಕ್ಕಳಿಗೆ ಬೆಳಿಗ್ಗೆ ಮೊಟ್ಟೆ, ಟೋಸ್ಟ್, ಸಾಸೇಜ್ ಬೇಕು. ಅದೇ ಮನೆಯಲ್ಲಿ ಬಿಪಿ ಇರುವ ಅಪ್ಪನೋ ಅತ್ತೆಯೋ ಇರುತ್ತಾರೆ. ಅವರಿಗೆ ಡಾಕ್ಟರ್ ಉಪ್ಪು ಕಡಿಮೆ ಮಾಡಿ ಅಂದಿರುತ್ತಾರೆ. ಹಾಗಾಗಿ ಎಲ್ಲರೂ ಬಿಸಿಬಿಸಿ ತಿನ್ನುವಾಗ ಅವರೊಬ್ಬರ ಮುಂದೆ ಸಪ್ಪೆ ಓಟ್ಸ್. ಇದು ನನಗೆ ಸರಿ ಅನ್ನಿಸುವುದಿಲ್ಲ. ಒಂದು ಭಾನುವಾರ ಸಂಜೆ ಕೂತು ಮಾಡಿಟ್ಟರೆ ವಾರಗಟ್ಟಲೆ ಬರುವ, ಎಲ್ಲರೂ ಒಂದೇ ತಟ್ಟೆಯಿಂದ ತಿನ್ನಬಹುದಾದ ಸಾಸೇಜ್ ಮಾಡುವುದು ಕಷ್ಟವೇನಲ್ಲ. ಪದೇ ಪದೇ ಬರುವ ಪ್ರಶ್ನೆಗಳಿಗೆ ಉತ್ತರ ಇಲ್ಲಿದೆ.

ಬ್ರೇಕ್‌ಫಾಸ್ಟ್ ಸಾಸೇಜ್ ಅಂದರೆ ಯಾವುದು? ಹಾಟ್ ಡಾಗ್‌ನಲ್ಲಿ ಇರುತ್ತಲ್ಲ, ಅದಾ?

ಅದಲ್ಲ. ಹಾಟ್ ಡಾಗ್‌ನದ್ದು ನುಣ್ಣಗೆ ಅರೆದು, ಕೆಡದಿರಲಿ ಅಂತ ನೈಟ್ರೈಟ್ ಅನ್ನುವ ಲವಣ ಸೇರಿಸಿ, ಮೊದಲೇ ಬೇಯಿಸಿದ್ದು. ಅಮೆರಿಕದ ಬ್ರೇಕ್‌ಫಾಸ್ಟ್ ಸಾಸೇಜ್ ಹಸಿ ಕೈಮಾ. ಅದಕ್ಕೆ ಸೇಜ್, ಥೈಮ್ ಅನ್ನುವ ಘಮದ ಎಲೆಗಳು, ಕರಿಮೆಣಸು, ಸ್ವಲ್ಪ ಜಾಯಿಕಾಯಿ, ಕೆಲವರು ಚೂರು ಬೆಲ್ಲದಂಥ ಕಂದು ಸಕ್ಕರೆ ಹಾಕುತ್ತಾರೆ. ಕರುಳಿನ ಚೀಲದಲ್ಲಿ ತುಂಬಲೇಬೇಕು ಅಂತಿಲ್ಲ. ಚಪ್ಪಟೆ ಬಿಲ್ಲೆ ಮಾಡಿ ತವಾ ಮೇಲೆ ಬೇಯಿಸಿದರೆ ಆಯಿತು. ಕೈಮಾ ಉಂಡೆ ಮಾಡಿ ಗೊತ್ತಿರುವವರಿಗೆ ಇದು ಚಪ್ಪಟೆ ಮಾಡಿದ ಕೈಮಾ ಉಂಡೆ ಇದ್ದ ಹಾಗೆ, ಮಸಾಲೆ ಮಾತ್ರ ಬೇರೆ.

ಅಂಗಡಿಯಲ್ಲೇ "ರೆಡ್ಯೂಸ್ಡ್ ಸೋಡಿಯಂ" ಅಂತ ಬರೆದಿರುವುದು ಸಿಗುತ್ತಲ್ಲ, ಅದನ್ನೇ ತಂದರೆ ಆಗಲ್ವಾ?

ಪ್ಯಾಕೆಟ್ ಹಿಂದೆ ತಿರುಗಿಸಿ ನೋಡಿ. ಸೋಡಿಯಂ ಅಂದರೆ ಉಪ್ಪಿನಲ್ಲಿರುವ, ಬಿಪಿ ಏರಿಸುವ ಅಂಶ. ಅಮೆರಿಕದ ನಿಯಮದಲ್ಲಿ "ರೆಡ್ಯೂಸ್ಡ್ ಸೋಡಿಯಂ" ಅಂದರೆ ಅದೇ ಥರದ ಮಾಮೂಲಿ ಪದಾರ್ಥಕ್ಕಿಂತ ಕನಿಷ್ಠ 25 ಶೇಕಡ ಕಡಿಮೆ ಅಂತ ಅಷ್ಟೇ. ಮಾಮೂಲಿಯದ್ದರಲ್ಲಿ ಉಪ್ಪು ಸುರಿದಿದ್ದರೆ, ಅದರಲ್ಲಿ ಕಾಲು ಭಾಗ ತೆಗೆದ ಮೇಲೂ ಬೇಕಾದಷ್ಟು ಉಳಿದಿರುತ್ತದೆ. "ಲೋ ಸೋಡಿಯಂ" ಅಂತ ಬರೆಯಬೇಕಾದರೆ ಒಂದು ಸರ್ವಿಂಗ್‌ಗೆ 140 ಮಿಲಿಗ್ರಾಂ ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಸಾಸೇಜ್‌ನಲ್ಲಿ ಅಂಥದ್ದು ಸಿಗುವುದು ಅಪರೂಪ. ಇನ್ನೊಂದು, ಸರ್ವಿಂಗ್ ಅಂದರೆ ಎಷ್ಟು ಬಿಲ್ಲೆ ಅಂತಲೂ ನೋಡಿ. ಎರಡಕ್ಕೆ ಲೆಕ್ಕ ಕೊಟ್ಟಿರುತ್ತಾರೆ, ನಾವು ಮೂರು ತಿಂದಿರುತ್ತೇವೆ.

ಹಾಗಾದರೆ ಉಪ್ಪು ಎಷ್ಟು ಹಾಕಬೇಕು?

ಈ ಪುಟದ ಮುಖ್ಯ ವಿಷಯವೇ ಇದು, ಸ್ವಲ್ಪ ನಿಧಾನವಾಗಿ ಓದಿ. ಒಂದು ಟೀ ಚಮಚ ಪುಡಿ ಉಪ್ಪು ಸುಮಾರು 6 ಗ್ರಾಂ ತೂಗುತ್ತದೆ, ಅದರಲ್ಲಿ ಸೋಡಿಯಂ ಸುಮಾರು 2,300 ಮಿಲಿಗ್ರಾಂ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಇಡೀ ದಿನಕ್ಕೆ ಇಷ್ಟನ್ನು ದಾಟಬೇಡಿ ಅನ್ನುತ್ತದೆ, ಬಿಪಿ ಇರುವವರಿಗೆ 1,500 ಒಳಗಿದ್ದರೆ ಇನ್ನೂ ಒಳ್ಳೆಯದು ಅನ್ನುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ 2,000ಕ್ಕಿಂತ ಕಡಿಮೆ. ಒಟ್ಟಿನಲ್ಲಿ ದಿನದ ಎಲ್ಲ ಊಟಕ್ಕೂ ಸೇರಿ ಒಂದು ಚಮಚದೊಳಗೆ.

ಮಾಮೂಲಿ ಸಾಸೇಜ್ ಮಾಡುವವರು ಮಾಂಸದ ತೂಕದ ಒಂದೂವರೆಯಿಂದ ಎರಡು ಶೇಕಡ ಉಪ್ಪು ಹಾಕುತ್ತಾರೆ. ಅಂದರೆ ಅರ್ಧ ಕೆಜಿಗೆ 7.5ರಿಂದ 10 ಗ್ರಾಂ. ಹತ್ತು ಬಿಲ್ಲೆ ಮಾಡಿದರೆ, ಮಾಂಸದಲ್ಲೇ ಇರುವ ಸೋಡಿಯಂ ಕೂಡ ಸೇರಿ, ಒಂದೊಂದರಲ್ಲೂ 300 ಮಿಲಿಗ್ರಾಂ ದಾಟುತ್ತದೆ. ನಾನು ಅರ್ಧ ಕೆಜಿಗೆ 2.5 ಗ್ರಾಂ ಹಾಕುತ್ತೇನೆ, ಅರ್ಧ ಟೀ ಚಮಚಕ್ಕಿಂತ ತುಸು ಕಡಿಮೆ. ಆಗ ಒಂದು ಬಿಲ್ಲೆಗೆ ಸುಮಾರು 130 ಮಿಲಿಗ್ರಾಂ ಬೀಳುತ್ತದೆ. ಉಪ್ಪೇ ಹಾಕದೆ ಮಾಡಿದರೆ ಮಾಂಸದ್ದೇ ಸೋಡಿಯಂ 30-40 ಇರುತ್ತದೆ. ನಿಮ್ಮ ಮನೆಯವರಿಗೆ ಡಾಕ್ಟರ್ ಅಥವಾ ಡಯಟಿಷಿಯನ್ ಹೇಳಿರುವ ಮಿತಿ ನೋಡಿ ಎಲ್ಲಿ ನಿಲ್ಲಬೇಕು ಅಂತ ತೀರ್ಮಾನಿಸಿ.

ಚಮಚದಲ್ಲಿ ಅಳೆಯಬೇಡಿ, ದಯವಿಟ್ಟು ತೂಕ ಮಾಡಿ. ಕೋಷರ್ ಉಪ್ಪಿನ ಹರಳು ದೊಡ್ಡದು, ಕೆಲವು ಬ್ರ್ಯಾಂಡ್‌ಗಳಲ್ಲಿ ಒಂದು ಚಮಚ 3 ಗ್ರಾಂ ಕೂಡ ಬರುವುದಿಲ್ಲ. ಪುಡಿ ಉಪ್ಪು ಅದಕ್ಕೆ ಎರಡರಷ್ಟು ತೂಗುತ್ತದೆ. ಅರ್ಧ ಗ್ರಾಂ ತೋರಿಸುವ ಪುಟ್ಟ ತಕ್ಕಡಿ ಒಂದಿದ್ದರೆ ಬಿಪಿ ಇರುವ ಮನೆಗೆ ಅದು ಮಿಕ್ಸಿಯಷ್ಟೇ ಮುಖ್ಯ.

ಸೈಂಧವ ಲವಣ, ಕಲ್ಲುಪ್ಪು, ಸಮುದ್ರದ ಉಪ್ಪು ಹಾಕಿದರೆ ಪರವಾಗಿಲ್ಲ ಅಲ್ವಾ?

ಹಾಗೇನಿಲ್ಲ. ಹೆಚ್ಚುಕಡಿಮೆ ಎಲ್ಲವೂ ಸೋಡಿಯಂ ಕ್ಲೋರೈಡೇ. ಬಣ್ಣ ಬೇರೆ, ಹರಳು ಬೇರೆ. ತೂಕಕ್ಕೆ ತೂಕ ಇಟ್ಟರೆ ದೊಡ್ಡ ವ್ಯತ್ಯಾಸ ಏನಿಲ್ಲ.

ಪೊಟ್ಯಾಸಿಯಂ ಇರುವ ಬದಲಿ ಉಪ್ಪು?

ಇದನ್ನು ಡಾಕ್ಟರ್‌ಗೆ ಕೇಳದೆ ಹಾಕಲೇಬೇಡಿ. ಆರೋಗ್ಯವಾಗಿರುವವರಿಗೆ ತೊಂದರೆ ಆಗದಿರಬಹುದು. ಆದರೆ ಕಿಡ್ನಿ ಸರಿಯಾಗಿ ಕೆಲಸ ಮಾಡದವರ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ಏರುಪೇರಾಗಬಹುದು. ಬಿಪಿಗೆ ಕೊಡುವ ಕೆಲವು ಮಾತ್ರೆಗಳೂ ಪೊಟ್ಯಾಸಿಯಂ ಏರಿಸುತ್ತವೆ: ಲಿಸಿನೊಪ್ರಿಲ್, ಟೆಲ್ಮಿಸಾರ್ಟನ್, ಲೋಸಾರ್ಟನ್, ಸ್ಪೈರೊನೊಲ್ಯಾಕ್ಟೋನ್. ನಮ್ಮ ಹಿರಿಯರಲ್ಲಿ ಬಹಳ ಜನ ಇವುಗಳಲ್ಲಿ ಯಾವುದಾದರೂ ಒಂದನ್ನು ತೆಗೆದುಕೊಳ್ಳುತ್ತಿರುತ್ತಾರೆ. ಊರಿನಿಂದ ಸೂಟ್‌ಕೇಸಲ್ಲಿ ಬರುವ "ಲೋ ಸೋಡಿಯಂ" ಉಪ್ಪಿನ ಪ್ಯಾಕೆಟ್‌ಗಳಲ್ಲೂ ಪೊಟ್ಯಾಸಿಯಂ ಸೇರಿರುತ್ತದೆ, ಹಿಂದೆ ಓದಿ. ಇದ್ದ ಉಪ್ಪನ್ನೇ ಕಡಿಮೆ ಹಾಕಿ, ರುಚಿಯನ್ನು ಬೇರೆ ಕಡೆಯಿಂದ ತರುವುದು ಸುರಕ್ಷಿತ ದಾರಿ.

ಅಳತೆ ಕೊಡಿ.

ಕೈಮಾ 500 ಗ್ರಾಂ. ಉಪ್ಪು 2.5 ಗ್ರಾಂ. ಒಣ ಸೇಜ್ ಒಂದೂವರೆ ಟೀ ಚಮಚ. ಆಗಷ್ಟೇ ಕುಟ್ಟಿದ ಕರಿಮೆಣಸು ಮುಕ್ಕಾಲು ಚಮಚ. ಥೈಮ್ ಅರ್ಧ ಚಮಚ. ಸೋಂಪು ಅರ್ಧ ಚಮಚ, ಹುರಿದು ತರಿತರಿಯಾಗಿ ಕುಟ್ಟಿದ್ದು. ಒಣಮೆಣಸಿನಕಾಯಿ ಚೂರು ಕಾಲು ಚಮಚ. ಜಾಯಿಕಾಯಿ ತುರಿದಿದ್ದು ಒಂದು ಚಿಟಿಕೆ. ಮೇಪಲ್ ಸಿರಪ್ ಅಥವಾ ಕಂದು ಸಕ್ಕರೆ ಒಂದು ಚಮಚ, ಶುಗರ್ ಇರುವವರಿಗೆ ಬೇಡ. ಫ್ರಿಜ್‌ನ ತಣ್ಣೀರು ಎರಡು ಟೇಬಲ್ ಚಮಚ. ಅಮೆರಿಕದ ಒಂದು ಪೌಂಡ್ ಪ್ಯಾಕೆಟ್‌ನಲ್ಲಿ 454 ಗ್ರಾಂ ಇರುತ್ತದೆ, ಅದಕ್ಕೆ ಮಸಾಲೆ ಇಷ್ಟೇ ಇರಲಿ, ಉಪ್ಪು 2.3 ಗ್ರಾಂ ಸಾಕು.

ಬೆಂಗಳೂರಿನಲ್ಲಿ ಮಾಡುವವರಿಗೆ ಒಣ ಸೇಜ್ ದೊಡ್ಡ ಸೂಪರ್‌ಮಾರ್ಕೆಟ್‌ಗಳಲ್ಲಿ ಪುಟ್ಟ ಬಾಟಲಿಯಲ್ಲಿ ಸಿಗುತ್ತದೆ. ಸಿಗದಿದ್ದರೆ ಥೈಮ್, ಸೋಂಪು ಸ್ವಲ್ಪ ಜಾಸ್ತಿ ಮಾಡಿ. ರುಚಿ ಬೇರೆ ಬರುತ್ತದೆ, ಕೆಟ್ಟದ್ದೇನಲ್ಲ.

ಯಾವ ಮಾಂಸ ಒಳ್ಳೆಯದು?

ಮೂಲ ರುಚಿ ಪೋರ್ಕ್‌ದು. ಪೋರ್ಕ್ ತಿನ್ನದವರಿಗೆ ಚಿಕನ್ ತೊಡೆ ಅಥವಾ ಟರ್ಕಿ. ಐದರಲ್ಲಿ ಒಂದು ಭಾಗದಷ್ಟು ಕೊಬ್ಬು ಇದ್ದರೆ ಬಿಲ್ಲೆ ಮೆತ್ತಗಿರುತ್ತದೆ. ಬರೀ ಎದೆ ಮಾಂಸದಲ್ಲಿ ಮಾಡಿ ಫ್ರೀಜ್ ಮಾಡಿದರೆ ಎರಡನೇ ಸಲ ಬಿಸಿ ಮಾಡುವಾಗ ಒಣಗಿಹೋಗುತ್ತದೆ. ಕೊಬ್ಬಿನ ಮೇಲೂ ಕಟ್ಟುನಿಟ್ಟು ಇದ್ದರೆ ಎದೆ ಮತ್ತು ತೊಡೆ ಅರ್ಧರ್ಧ ಹಾಕಿ, ಒಂದು ಟೇಬಲ್ ಚಮಚ ಎಣ್ಣೆ ಸೇರಿಸಿ.

ಮಾಂಸ ಕೊಳ್ಳುವಾಗ ಒಂದು ವಿಷಯ ಬಹಳ ಜನರಿಗೆ ಗೊತ್ತಿರುವುದಿಲ್ಲ. ಅಮೆರಿಕದ ಅಂಗಡಿಗಳಲ್ಲಿ ಹಸಿ ಚಿಕನ್, ಟರ್ಕಿ, ಪೋರ್ಕ್‌ಗೂ ಉಪ್ಪುನೀರು ಚುಚ್ಚಿರುವುದುಂಟು. ಪ್ಯಾಕೆಟ್ ಮೇಲೆ ಸಣ್ಣ ಅಕ್ಷರದಲ್ಲಿ ಇಷ್ಟು ಶೇಕಡ "ಸೊಲ್ಯೂಷನ್" ಅಥವಾ ಚಿಕನ್ ಬ್ರಾತ್ ಸೇರಿದೆ ಅಂತ ಬರೆದಿರುತ್ತಾರೆ. ಅಂಥದ್ದು ತಂದರೆ ನೀವು ಮನೆಯಲ್ಲಿ ತಕ್ಕಡಿ ಹಿಡಿದು ಮಾಡಿದ ಲೆಕ್ಕವೆಲ್ಲ ಅಲ್ಲೇ ಕೆಟ್ಟಿತು. ಸೋಡಿಯಂ ಸಾಲು ನೋಡಿ: 100 ಗ್ರಾಂಗೆ 60ರಿಂದ 100 ಮಿಲಿಗ್ರಾಂ ಒಳಗಿದ್ದರೆ ಅದು ಮಾಂಸದ್ದೇ. 200 ಕಂಡರೆ ವಾಪಸ್ ಇಡಿ.

ಉಪ್ಪು ಕಡಿಮೆ ಹಾಕಿದ್ದಕ್ಕೆ ಬಿಲ್ಲೆ ತವಾ ಮೇಲೆ ಪುಡಿಪುಡಿ ಆಗುತ್ತದೆ. ಏನು ಮಾಡಲಿ?

ಅತಿ ಹೆಚ್ಚು ಜನ ಕೇಳುವುದು ಇದನ್ನೇ. ಸಾಸೇಜ್‌ನಲ್ಲಿ ಉಪ್ಪು ಇರುವುದು ಬರೀ ರುಚಿಗಲ್ಲ. ಮಾಂಸದಲ್ಲಿ ಮಯೋಸಿನ್ ಅನ್ನುವ ಪ್ರೋಟೀನ್ ಇದೆ. ಉಪ್ಪು ಬಿದ್ದು ಕಲಸಿದಾಗ ಅದು ಹೊರಗೆ ಬಂದು ಅಂಟಾಗುತ್ತದೆ, ಬೆಂದಾಗ ಆ ಅಂಟೇ ಚೂರುಗಳನ್ನು ಹಿಡಿದಿಡುತ್ತದೆ. ಉಪ್ಪು ಕಡಿಮೆಯಾದರೆ ಅಂಟೂ ಕಡಿಮೆ. ಆದ್ದರಿಂದ ಉಳಿದ ಕೆಲಸ ನಿಮ್ಮ ಕೈ ಮಾಡಬೇಕು.

ಮೊದಲು ಎಲ್ಲ ತಣ್ಣಗಿರಬೇಕು. ಕೈಮಾವನ್ನು ಫ್ರಿಜ್‌ನಿಂದ ನೇರ ತೆಗೆಯಿರಿ, ಪಾತ್ರೆಯನ್ನೂ ಹತ್ತು ನಿಮಿಷ ಫ್ರೀಜರ್‌ನಲ್ಲಿ ಇಟ್ಟಿದ್ದರೆ ಇನ್ನೂ ಒಳ್ಳೆಯದು. ಬೆಚ್ಚಗಾದರೆ ಕೊಬ್ಬು ಕರಗಿ ಚೂರುಗಳ ಮೇಲೆ ಜಿಡ್ಡು ಬಳಿಯುತ್ತದೆ, ಆಮೇಲೆ ಎಷ್ಟು ಕಲಸಿದರೂ ಅಂಟುವುದಿಲ್ಲ. ಮೊದಲು ಉಪ್ಪನ್ನು ಮಾತ್ರ ಹಾಕಿ ಕಲಸಿ, ನಂತರ ಮಸಾಲೆ, ಕೊನೆಗೆ ತಣ್ಣೀರನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ. ಚಪಾತಿ ಹಿಟ್ಟಿನ ಥರ ನಾದಬೇಡಿ, ಬೆರಳು ಅಗಲಿಸಿ ಗರಗರ ತಿರುಗಿಸಿ. ಮೊದಲು ಕೈಮಾ ಎಳೆಎಳೆಯಾಗಿ ಬಿಡಿಬಿಡಿ ಇರುತ್ತದೆ. ಎರಡು ಮೂರು ನಿಮಿಷ ಆದ ಮೇಲೆ ಪಾತ್ರೆಯ ಗೋಡೆಗೆ ಬಿಳಿ ಪದರದಂತೆ ಅಂಟಲು ಶುರುವಾಗುತ್ತದೆ, ಬೆರಳು ಎತ್ತಿದರೆ ಸಣ್ಣ ನೂಲು ಎಳೆದ ಹಾಗೆ ಬರುತ್ತದೆ. ಒಂದು ಚೂರನ್ನು ಅಂಗೈಗೆ ಒತ್ತಿ ಕೈಯನ್ನು ತಲೆಕೆಳಗೆ ಮಾಡಿ. ಬೀಳದೆ ಅಂಟಿಕೊಂಡಿದ್ದರೆ ಹದ ಬಂದಿದೆ ಅಂತ ಅರ್ಥ. ಮುಚ್ಚಿ ಒಂದೆರಡು ಗಂಟೆ ಫ್ರಿಜ್‌ನಲ್ಲಿ ಇಡಿ, ಆಮೇಲೆ ಬಿಲ್ಲೆ ಮಾಡಿ.

ಉಪ್ಪೇ ಹಾಕದೆ ಮಾಡುವವರಿಗೆ ಇಷ್ಟೂ ಸಾಲದು. ಅವರು ಒಂದು ಮೊಟ್ಟೆಯ ಬಿಳಿ ಸೇರಿಸಬಹುದು, ಅದರಲ್ಲಿ ಸೋಡಿಯಂ ಸುಮಾರು 55 ಮಿಲಿಗ್ರಾಂ. ಇಲ್ಲವೇ ಹುರಿಗಡಲೆ ಪುಡಿ ಒಂದು ಟೇಬಲ್ ಚಮಚ. ಕೈಮಾ ಉಂಡೆಗೆ ಹುರಿಗಡಲೆ ಹಾಕುವುದು ನಮಗೆ ಹೊಸದೇನಲ್ಲ, ಇಲ್ಲೂ ಅದು ಚೆನ್ನಾಗಿ ಹಿಡಿಯುತ್ತದೆ. ಬ್ರೆಡ್ ಪುಡಿ ಬೇಡ, ಅದರಲ್ಲಿ ಉಪ್ಪೂ ಇದೆ, ಗೋಧಿಯೂ ಇದೆ. ಮೆತ್ತಗಾಗಲಿ ಅಂತ ಅಡುಗೆ ಸೋಡ ಹಾಕುವ ಅಳತೆಗಳೂ ಓಡಾಡುತ್ತಿವೆ, ಅದರ ಕಾಲು ಟೀ ಚಮಚದಲ್ಲೇ 300 ಮಿಲಿಗ್ರಾಂ ಸೋಡಿಯಂ ಇದೆ, ಮರೆಯಬೇಡಿ.

ಸಪ್ಪೆ ಅನ್ನಿಸಲ್ವಾ?

ಮೊದಮೊದಲು ಅನ್ನಿಸಬಹುದು. ಕೆಲವು ವಾರ ಕಡಿಮೆ ಉಪ್ಪಿನ ಊಟ ಮಾಡಿದರೆ ನಾಲಿಗೆ ಒಗ್ಗಿಕೊಳ್ಳುತ್ತದೆ, ಇದು ನಿಜ. ಅಲ್ಲಿವರೆಗೆ ಮಸಾಲೆಯನ್ನು ಆಗಾಗ ಹೊಸದಾಗಿ ಕುಟ್ಟಿ. ವರ್ಷದ ಹಿಂದಿನ ಮೆಣಸಿನ ಪುಡಿಯಿಂದ ಏನೂ ಬರುವುದಿಲ್ಲ. ತವಾ ಮೇಲೆ ಎರಡೂ ಕಡೆ ಚೆನ್ನಾಗಿ ಕೆಂಪಗಾಗಲಿ, ಆ ಕೆಂಪು ಪದರದಲ್ಲೇ ಅರ್ಧ ರುಚಿ ಇದೆ. ತಿನ್ನುವಾಗ ಮೇಲೆ ಒಂದೆರಡು ಹನಿ ನಿಂಬೆರಸ ಹಿಂಡಿ. ಹುಳಿ ಬಿದ್ದ ಕೂಡಲೇ ಇದ್ದ ಉಪ್ಪು ಎದ್ದು ಕಾಣುತ್ತದೆ. ಕಲಸುವ ಕೈಮಾಗೇ ನಿಂಬೆ ಹಾಕಬೇಡಿ, ಹುಳಿ ತಾಗಿದ ಹಸಿ ಮಾಂಸ ಫ್ರೀಜರ್‌ನಲ್ಲಿ ಕೂತರೆ ತರಿತರಿಯಾಗುತ್ತದೆ.

ಬಿಲ್ಲೆ ಎಲ್ಲ ಮಾಡುವ ಮೊದಲು ನಿಂಬೆಕಾಯಿಯಷ್ಟು ತೆಗೆದು ಬೇಯಿಸಿ ರುಚಿ ನೋಡಿ. ಹಸಿಯಾಗಿ ನಾಲಿಗೆಗೆ ತಾಗಿಸಬೇಡಿ.

ಬೆಂದಿದೆ ಅಂತ ಬಣ್ಣ ನೋಡಿ ಹೇಳಬಹುದಾ?

ಬೇಡ. ಕೈಮಾ ಕೆಲವೊಮ್ಮೆ ಬೇಯುವ ಮೊದಲೇ ಕಂದಾಗುತ್ತದೆ, ಕೆಲವೊಮ್ಮೆ ಬೆಂದ ಮೇಲೂ ಗುಲಾಬಿ ಇರುತ್ತದೆ. ಥರ್ಮಾಮೀಟರ್ ಇಟ್ಟುಕೊಳ್ಳಿ. ಪೋರ್ಕ್, ಬೀಫ್, ಕುರಿ ಕೈಮಾಗೆ 160 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 71 ಸೆಲ್ಸಿಯಸ್. ಚಿಕನ್, ಟರ್ಕಿಗೆ 165, ಅಂದರೆ 74. ಬಿಲ್ಲೆ ತೆಳ್ಳಗಿರುವುದರಿಂದ ಮೇಲಿನಿಂದ ಚುಚ್ಚಿದರೆ ಮುಳ್ಳು ತವಾವನ್ನೇ ಮುಟ್ಟಿ ತಪ್ಪು ತೋರಿಸುತ್ತದೆ. ಪಕ್ಕದಿಂದ, ಮಧ್ಯದವರೆಗೆ ತೂರಿಸಿ.

ಹಸಿಯಾಗಿ ಫ್ರೀಜ್ ಮಾಡಲಾ, ಬೇಯಿಸಿ ಮಾಡಲಾ?

ಎರಡೂ ನಡೆಯುತ್ತದೆ. ಬೆಳಿಗ್ಗೆ ಏಳಕ್ಕೆ ಬಸ್ ಹಿಡಿಯುವ ಮಕ್ಕಳಿರುವ ಮನೆಗೆ, ಅಥವಾ ಹಿರಿಯರು ಒಬ್ಬರೇ ಇರುವಾಗ ಬಿಸಿ ಮಾಡಿಕೊಳ್ಳುವುದಾದರೆ, ಬೇಯಿಸಿಟ್ಟಿದ್ದೇ ಮೇಲು. ಹಸಿ ಮಾಂಸ ಬೆಂದಿದೆಯೋ ಇಲ್ಲವೋ ಅನ್ನುವ ಚಿಂತೆ ಇರುವುದಿಲ್ಲ. ರುಚಿ ಮುಖ್ಯ ಅನ್ನುವವರಿಗೆ ಹಸಿ. ಹಸಿ ಬಿಲ್ಲೆಯನ್ನು ಕರಗಿಸದೆ ನೇರ ತವಾಕ್ಕೆ ಹಾಕಬಹುದು, ಸಣ್ಣ ಉರಿ, ಮುಚ್ಚಳ ಮುಚ್ಚಿ, ಮಾಮೂಲಿ ಹೊತ್ತಿಗೆ ಅದರ ಅರ್ಧದಷ್ಟು ಸೇರಿಸಿ.

ನಾನು ಬೇಯಿಸಿದ್ದರ ಪರ. ಓವನ್ 400 ಡಿಗ್ರಿ ಫ್ಯಾರನ್‌ಹೀಟ್‌ಗೆ ಕಾಯಿಸಿ, ಟ್ರೇ ಮೇಲೆ ಪಾರ್ಚ್‌ಮೆಂಟ್ ಕಾಗದ ಹಾಸಿ ಎಲ್ಲ ಬಿಲ್ಲೆ ಒಟ್ಟಿಗೆ ಇಟ್ಟರೆ ಕಾಲು ಗಂಟೆಯ ಆಸುಪಾಸಿನಲ್ಲಿ ಬೇಯುತ್ತದೆ. ಥರ್ಮಾಮೀಟರ್ ಹೇಳಿದಾಗ ತೆಗೆಯಿರಿ, ಅದಕ್ಕಿಂತ ಜಾಸ್ತಿ ಬಿಡಬೇಡಿ, ಇನ್ನೊಂದು ಸಲ ಬಿಸಿಯಾಗಬೇಕಲ್ಲ.

ಒಂದಕ್ಕೊಂದು ಅಂಟಿ ಕಲ್ಲಾಗುತ್ತವೆ, ಮೇಲೆ ಮಂಜು ಕಟ್ಟುತ್ತದೆ.

ಬಿಸಿಬಿಸಿ ಇರುವಾಗಲೇ ಚೀಲಕ್ಕೆ ತುಂಬಿದರೆ ಹಾಗೇ ಆಗುವುದು. ಬೆಂದ ಬಿಲ್ಲೆಗಳನ್ನು ಜಾಲರಿ ಮೇಲೆ ಆರಲು ಬಿಡಿ, ಆದರೆ ಎರಡು ಗಂಟೆಗಿಂತ ಹೆಚ್ಚು ಹೊರಗೆ ಇಡಬೇಡಿ. ಪೇಪರ್ ಟವೆಲ್‌ನಿಂದ ಮೇಲಿನ ಜಿಡ್ಡು, ನೀರು ಒತ್ತಿ ತೆಗೆಯಿರಿ. ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಹರಡಿ ಫ್ರೀಜರ್‌ಗೆ ಇಡಿ. ಒಂದೆರಡು ಗಂಟೆಯಲ್ಲಿ ಗಟ್ಟಿಯಾಗುತ್ತವೆ, ಉಗುರಿನಲ್ಲಿ ತಟ್ಟಿದರೆ ಟಕ್ ಅನ್ನಬೇಕು. ಆಮೇಲೆ ಜಿಪ್ ಚೀಲಕ್ಕೆ ಹಾಕಿ, ಜಿಪ್ಪನ್ನು ಒಂದು ಮೂಲೆ ಬಿಟ್ಟು ಮುಚ್ಚಿ, ಚೀಲವನ್ನು ನೀರಿನ ಪಾತ್ರೆಯಲ್ಲಿ ನಿಧಾನವಾಗಿ ಇಳಿಸಿ. ನೀರಿನ ಒತ್ತಡಕ್ಕೆ ಗಾಳಿ ತಾನೇ ಹೊರಗೆ ಹೋಗುತ್ತದೆ. ಬಾಯಿ ನೀರಿಗೆ ತಾಗುವ ಮುಂಚೆ ಮುಚ್ಚಿಬಿಡಿ. ಚೀಲದ ಮೇಲೆ ತಾರೀಖು, ಒಂದು ಬಿಲ್ಲೆಗೆ ಸೋಡಿಯಂ ಎಷ್ಟು, ಎರಡೂ ಬರೆಯಿರಿ. ಬರೆಯದಿದ್ದರೆ ಉಪ್ಪಿಲ್ಲದ್ದು ಯಾವುದು, ಮಕ್ಕಳದ್ದು ಯಾವುದು ಅಂತ ಗೊತ್ತಾಗದೆ ಪೇಚಾಡಬೇಕಾಗುತ್ತದೆ.

ಎಷ್ಟು ದಿನ ಇರುತ್ತದೆ?

ಹಸಿಯದ್ದು ಫ್ರಿಜ್‌ನಲ್ಲಿ ಒಂದೆರಡು ದಿನ, ಫ್ರೀಜರ್‌ನಲ್ಲಿ ಒಂದೆರಡು ತಿಂಗಳು. ಬೇಯಿಸಿದ್ದು ಫ್ರಿಜ್‌ನಲ್ಲಿ ಮೂರು ನಾಲ್ಕು ದಿನ, ಫ್ರೀಜರ್‌ನಲ್ಲಿ ಎರಡು ಮೂರು ತಿಂಗಳು. ಫ್ರೀಜರ್ ಸೊನ್ನೆ ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಮೈನಸ್ 18 ಸೆಲ್ಸಿಯಸ್‌ನಲ್ಲಿ ಇದ್ದರೆ ಆಮೇಲೂ ತಿನ್ನಲು ಅಪಾಯವಿಲ್ಲ, ರುಚಿ ಹೋಗುತ್ತದೆ ಅಷ್ಟೇ.

ಇಲ್ಲಿ ನಮಗೊಂದು ಲಾಭವೂ ಇದೆ. ಫ್ರೀಜರ್‌ನಲ್ಲಿ ಮಾಂಸ ಕೊಳೆಯುವುದಿಲ್ಲ, ಆದರೆ ಕೊಬ್ಬು ನಿಧಾನವಾಗಿ ಗಾಳಿಯ ಜೊತೆ ಸೇರಿ ಹಳಸಲು ವಾಸನೆ ಬರುತ್ತದೆ, ಉಪ್ಪು ಅದನ್ನು ಇನ್ನೂ ಬೇಗ ಮಾಡಿಸುತ್ತದೆ. ಉಪ್ಪು ಹಾಕಿದರೆ ಜಾಸ್ತಿ ದಿನ ಬರುತ್ತದೆ ಅಂತ ನಾವು ಉಪ್ಪಿನಕಾಯಿ ನೋಡಿ ಅಂದುಕೊಂಡಿರುತ್ತೇವೆ, ಫ್ರೀಜರ್‌ನ ಸಾಸೇಜ್ ವಿಷಯದಲ್ಲಿ ಅದು ಉಲ್ಟಾ.

ಫ್ರೀಜರ್‌ನಿಂದ ತೆಗೆದ ಮೇಲೆ ಮಸಾಲೆ ಕಹಿ ಅನ್ನಿಸುತ್ತದೆ.

ಕರಿಮೆಣಸು, ಲವಂಗ, ಬೆಳ್ಳುಳ್ಳಿ ಫ್ರೀಜರ್‌ನಲ್ಲಿ ಕೂತಷ್ಟೂ ಜೋರಾಗುತ್ತವೆ, ಕಹಿಯಾಗುತ್ತವೆ. ಎರಡು ತಿಂಗಳು ಇಡುವುದಾದರೆ ಮೆಣಸನ್ನು ಅರ್ಧ ಚಮಚಕ್ಕೆ ಇಳಿಸಿ, ಬೇಕಾದರೆ ತಿನ್ನುವಾಗ ಮೇಲೆ ಉದುರಿಸಿ. ಗರಂ ಮಸಾಲೆ ಹಾಕಿ ದೇಸಿ ರುಚಿ ಮಾಡಬೇಕು ಅನ್ನುವವರು ಅದನ್ನು ಫ್ರೀಜ್ ಮಾಡುವ ಬ್ಯಾಚ್‌ಗೆ ಹಾಕದೆ ಅವತ್ತೇ ತಿನ್ನುವುದಕ್ಕೆ ಹಾಕಿ.

ಕರೆಂಟ್ ಹೋಗಿತ್ತು. ಬಿಸಾಡಬೇಕಾ?

ಬಾಗಿಲು ತೆರೆಯದಿದ್ದರೆ ತುಂಬಿದ ಫ್ರೀಜರ್ ಸುಮಾರು 48 ಗಂಟೆ ತಣ್ಣಗೇ ಇರುತ್ತದೆ, ಅರ್ಧ ತುಂಬಿದ್ದರೆ 24. ಬಿಲ್ಲೆಯಲ್ಲಿ ಇನ್ನೂ ಮಂಜಿನ ಹರಳು ಕಂಡರೆ ಮತ್ತೆ ಫ್ರೀಜ್ ಮಾಡಬಹುದು. ಪೂರ್ತಿ ಕರಗಿ ಬೆಚ್ಚಗಾಗಿ ಎಷ್ಟು ಹೊತ್ತಾಯಿತೋ ಗೊತ್ತಿಲ್ಲ ಅಂದರೆ ಬಿಸಾಡಿ. ಮೂಸಿ ನೋಡಿ ತೀರ್ಮಾನ ಮಾಡಬೇಡಿ, ವಯಸ್ಸಾದವರಿಗೆ ಕೊಡುವ ಊಟ ಇದು.

ಗ್ಲುಟೆನ್ ಬೇಡದವರಿಗೆ? ಬೆಳ್ಳುಳ್ಳಿ, ಈರುಳ್ಳಿ ಬೇಡದವರಿಗೆ?

ಗ್ಲುಟೆನ್ ಅಂದರೆ ಗೋಧಿಯಂಥ ಧಾನ್ಯದಲ್ಲಿರುವ ಪ್ರೋಟೀನ್. ಮೇಲಿನ ಅಳತೆಯಲ್ಲಿ ಅದೂ ಇಲ್ಲ, ಬೆಳ್ಳುಳ್ಳಿ, ಈರುಳ್ಳಿಯೂ ಇಲ್ಲ. ಅಂಗಡಿಯ ಸಾಸೇಜ್‌ನಲ್ಲಿ, ಅದರಲ್ಲೂ ಬ್ರಿಟನ್ ಥರದ್ದರಲ್ಲಿ, ಗೋಧಿಯ ರಸ್ಕ್ ಸೇರಿರುವುದುಂಟು. ಗ್ಲುಟೆನ್ ತಿಂದರೆ ಕರುಳಿಗೆ ಹಾನಿಯಾಗುವ ಸೀಲಿಯಾಕ್ ಕಾಯಿಲೆ ಇರುವವರು ಹುರಿಗಡಲೆಯನ್ನು ಬಿಡಿಯಾಗಿ ತರದೆ, ಗ್ಲುಟೆನ್-ಫ್ರೀ ಅಂತ ಬರೆದ ಪ್ಯಾಕೆಟ್ ತನ್ನಿ, ಗಿರಣಿಯಲ್ಲಿ ಗೋಧಿ ಸೇರಿರಬಹುದು. ಹೊಟ್ಟೆ ತೊಂದರೆಗೆ, ಕರುಳಲ್ಲಿ ಗ್ಯಾಸ್ ಮಾಡುವ ಕೆಲವು ಪದಾರ್ಥ ಬಿಡುವ ಪಥ್ಯ, ಅಂದರೆ ಲೋ ಫೋಡ್‌ಮ್ಯಾಪ್ ಮಾಡುವವರಿಗೆ ಈರುಳ್ಳಿ ಗೆಡ್ಡೆ ಆಗುವುದಿಲ್ಲ, ಆದರೆ ಸ್ಪ್ರಿಂಗ್ ಆನಿಯನ್‌ನ ಹಸಿರು ಭಾಗ ಆಗುತ್ತದೆ.

ಕಿಡ್ನಿ ತೊಂದರೆ ಇರುವವರು ತಿನ್ನಬಹುದಾ?

ಅವರಿಗೆ ಉಪ್ಪೊಂದೇ ಲೆಕ್ಕ ಅಲ್ಲ. ಪ್ರೋಟೀನ್, ಪೊಟ್ಯಾಸಿಯಂ, ಫಾಸ್ಫರಸ್ ಮೂರೂ ನೋಡಬೇಕು. ಅಂಗಡಿಯ ಸಾಸೇಜ್, ಸೊಲ್ಯೂಷನ್ ಚುಚ್ಚಿದ ಮಾಂಸ ಎರಡರಲ್ಲೂ ಫಾಸ್ಫೇಟ್, ಅಂದರೆ ಫಾಸ್ಫರಸ್ ಇರುವ ಲವಣ, ಸೇರಿಸಿರುವುದುಂಟು, ಚುಚ್ಚದ ಮಾಂಸ ತಂದು ಮನೆಯಲ್ಲಿ ಮಾಡಿದ್ದರಲ್ಲಿ ಅದಂತೂ ಇರುವುದಿಲ್ಲ. ಆದರೂ ಎಷ್ಟು ಬಿಲ್ಲೆ ಅನ್ನುವುದನ್ನು ಅವರ ಡಯಟಿಷಿಯನ್ ಹೇಳಲಿ. ಹುರಿಗಡಲೆ ಬದಲು ಮೊಟ್ಟೆಯ ಬಿಳಿ ಬಳಸಿ.

ಬಿಸಿ ಮಾಡುವುದು ಹೇಗೆ?

ಬೇಯಿಸಿ ಇಟ್ಟಿದ್ದನ್ನು ರಾತ್ರಿಯೇ ಫ್ರಿಜ್‌ಗೆ ಇಳಿಸಿದ್ದರೆ, ತವಾ ಮೇಲೆ ಒಂದು ಚಮಚ ನೀರು ಚಿಮುಕಿಸಿ ಮುಚ್ಚಿ, ನೀರು ಆರಿದ ಮೇಲೆ ಎರಡೂ ಕಡೆ ಕೆಂಪಗೆ ಮಾಡಿ. ಮೈಕ್ರೋವೇವ್ ಆದರೆ ಒದ್ದೆ ಪೇಪರ್ ಟವೆಲ್ ಹೊದಿಸಿ. ಒಳಗೆ 165 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಲಿ. ಕೌಂಟರ್ ಮೇಲೆ ಇಟ್ಟು ಕರಗಿಸಬೇಡಿ.

ಜೊತೆಗೆ ಏನು ಕೊಡಬಹುದು?

ಸಾಸೇಜ್‌ನಲ್ಲಿ ಉಳಿಸಿದ ಉಪ್ಪು ಪಕ್ಕದ ತಿಂಡಿಯಲ್ಲಿ ವಾಪಸ್ ಬರಬಾರದು. ಅಮೆರಿಕದ ಬ್ರೆಡ್‌ನ ಒಂದೊಂದು ಹೋಳಿನಲ್ಲೂ 100ರಿಂದ 200 ಮಿಲಿಗ್ರಾಂ ಸೋಡಿಯಂ ಇರುವುದು ಮಾಮೂಲು. ಕೆಚಪ್, ಚೀಸ್, ಉಪ್ಪಿನಕಾಯಿ ಹೇಳುವುದೇ ಬೇಡ. ನಮ್ಮ ತಿಂಡಿಗಳಲ್ಲಿ ಉಪ್ಪು ನಮ್ಮ ಕೈಯಲ್ಲೇ ಇದೆ. ಅಕ್ಕಿ ರೊಟ್ಟಿ, ನೀರು ದೋಸೆ, ಬೇಯಿಸಿದ ಮೊಟ್ಟೆ ಎಲ್ಲ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ದೋಸೆ ಹಿಟ್ಟಿಗೆ ಉಪ್ಪು ಹಾಕುವ ಮೊದಲೇ ಬಿಪಿ ಇರುವವರ ಪಾಲಿನ ಎರಡು ಸೌಟು ಬೇರೆ ಬಟ್ಟಲಿಗೆ ತೆಗೆದಿಡಿ. ಚಟ್ನಿಗೂ ಹಾಗೇ ಮಾಡಿ, ಅವರದ್ದಕ್ಕೆ ಹುಣಸೆ, ಹಸಿಮೆಣಸು ತುಸು ಮುಂದಾಗಿರಲಿ.